ಐದು ಸೆಂಟಿನ ಮಗ

ಆನ್ಶೆಲ್ ಲಿಪ್ಕಿನ್ ಹುಟ್ಟಿದ್ದು ಒಬ್ಬಳ ಹೊಟ್ಟೆಯಲ್ಲಿ, ಬೀದಿಯವರ ಬಾಯಲ್ಲಿ ಮಗನಾಗಿದ್ದು ಇನ್ನೊಬ್ಬಳಿಗೆ. ನ್ಯೂಯಾರ್ಕಿನಲ್ಲಿ ವಲಸೆ ಬಂದ ಯಹೂದಿಗಳೇ ತುಂಬಿದ್ದ ನಮ್ಮ ಲಡ್ಲೋ ಬೀದಿಯಲ್ಲಿ ಇದು ಗುಟ್ಟೇನೂ ಆಗಿರಲಿಲ್ಲ. ಹೆತ್ತವಳು ಮೂರನೇ ಮಹಡಿಯ ಪೆಶಾ, ಹೆಂಗಸರ ಟೋಪಿಗೆ ಸಿಕ್ಕಿಸುವ ಬಟ್ಟೆಯ ಹೂ ಮಾಡುತ್ತಿದ್ದವಳು. ಕೊಂಡವಳು ಅದೇ ಕಟ್ಟಡದ ಬಾಗಿಲಲ್ಲಿ ತಳ್ಳುಗಾಡಿ ಇಟ್ಟುಕೊಂಡು ಘಾಟು ಮೂಲಂಗಿ ತುರಿದು ಮಾರುತ್ತಿದ್ದ ದ್ವೋಷಾ ಕಗಾನ್. ಕೊಂಡ ಬೆಲೆ ಐದು ಸೆಂಟು.

ಆನ್ಶೆಲ್‌ಗಿಂತ ಮುಂಚೆ ಪೆಶಾಳಿಗೆ ಇಬ್ಬರು ಗಂಡುಮಕ್ಕಳಿದ್ದರು, ಹೆರ್ಷ್ ಮತ್ತು ಝುಸ್ಮನ್. ನಾಲ್ಕು ವರ್ಷ ತುಂಬುವ ಮೊದಲೇ ಒಬ್ಬ ಗಂಟಲಮಾರಿಗೆ ಹೋದ, ಇನ್ನೊಬ್ಬ ದಡಾರಕ್ಕೆ. 1905ರ ಚಳಿಗಾಲದಲ್ಲಿ ಐದು ವರ್ಷದ ಆನ್ಶೆಲ್ ಕೂಡ ಮಲಗಿದ. ಮೈಯೆಲ್ಲ ಕೆಂಪಾಗಿ, ಗಂಟಲು ಕಟ್ಟಿ, ನೀರು ಸಹ ಒಳಗೆ ಇಳಿಯದಾಯಿತು. ಡಾಕ್ಟರು ಬಂದು ನೋಡಿ, ತಲೆಯಾಡಿಸಿ, ಟೋಪಿ ಹಾಕಿಕೊಂಡು ಹೋದರು. ಆಗ ಕಟ್ಟಡದ ಮುದುಕಿಯರು ಹೇಳಬೇಕಾದ್ದನ್ನು ಹೇಳಿದರು. ಸಾವಿನ ದೂತನಿಗೆ ಈ ಮನೆ ಚೆನ್ನಾಗಿ ಗುರುತು ಸಿಕ್ಕಿಬಿಟ್ಟಿದೆ, ಅವನು ಬರುವುದು ಪೆಶಾಳ ಮಗನನ್ನು ಹುಡುಕಿಕೊಂಡು, ಹುಡುಗ ಪೆಶಾಳ ಮಗನೇ ಅಲ್ಲದಿದ್ದರೆ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಬಿಟ್ಟು ಬಂದ ಹಳೇ ದೇಶದಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಮಕ್ಕಳು ಉಳಿಯುವ ಹೊಟ್ಟೆಯವಳಿಗೆ ಮಾರಬೇಕು, ಅಷ್ಟೆ.

ದ್ವೋಷಾ ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು. ಮೂಲಂಗಿ ತುರಿಯುವುದನ್ನು ಬಿಟ್ಟು, ಕಣ್ಣು ಮೂಗು ಸುರಿಸಿಕೊಂಡೇ ಮೂರು ಮಹಡಿ ಹತ್ತಿ ಬಂದಳು. ಪೆಶಾಳ ಅಂಗೈಯಲ್ಲಿ ಐದು ಸೆಂಟಿನ ಒಂದು ನಾಣ್ಯವಿಟ್ಟು, ಗೋಡೆಗಳಿಗೂ ಕೇಳಿಸುವ ಹಾಗೆ, "ಈ ಹುಡುಗನ್ನ ನಾನು ಕೊಂಡ್ಕೊಂಡೆ, ಇವತ್ತಿಂದ ಇವನು ನನ್ನ ಮಗ" ಎಂದಳು. ಕರಾರು ಇಷ್ಟು. ಪೆಶಾ ಇನ್ನು ಅವನನ್ನು ಮಗ ಅನ್ನಬಾರದು, ತನ್ನವನು ಅಂತ ಯಾರ ಮುಂದೆಯೂ ಬಾಯಿಬಿಡಬಾರದು. ಅವನ ಮದುವೆಯ ದಿನ ಅದೇ ನಾಣ್ಯ ವಾಪಸು ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ನಾಣ್ಯ ಖರ್ಚಾಗುವ ಹಾಗಿಲ್ಲ. ಪೆಶಾ ಅದನ್ನು ತಲೆವಸ್ತ್ರದ ಮೂಲೆಯಲ್ಲಿ ಗಂಟು ಹಾಕಿದಳು.

ಮೂರನೇ ದಿನ ಹುಡುಗ ಎದ್ದು ಕೂತು ಸೂಪು ಕೇಳಿದ. ಜ್ವರ ತಾನಾಗಿಯೇ ಇಳಿಯುವುದಿತ್ತು ಎಂದು ನೀವು ನಾನು ಹೇಳಬಹುದು, ಪೆಶಾಳ ಮುಂದೆ ಹೇಳಿ ನೋಡಬೇಕಿತ್ತು. ಅವಳ ಗಂಡ ಝಲ್ಮನ್ ಪ್ಯಾಂಟುಗಳಿಗೆ ಇಸ್ತ್ರಿ ಹಾಕುವ ಅಂಗಡಿಯಲ್ಲಿ ದುಡಿಯುತ್ತಿದ್ದ, ನಾಲ್ಕಕ್ಷರ ಓದಿಕೊಂಡವನು. ಯಾವ ಧರ್ಮಗ್ರಂಥದಲ್ಲೂ ಇಂಥ ವ್ಯಾಪಾರ ಬರೆದಿಲ್ಲ ಎಂದು ಗೊಣಗಿದ. ಆದರೆ ಮಗ ಸೂಪು ಕುಡಿಯುವುದನ್ನು ನೋಡಿ ಅವನೂ ಬಾಯಿ ಮುಚ್ಚಿಕೊಂಡ.

ಹುಡುಗ ಬೆಳೆದದ್ದು ಅದೇ ಮೂರನೇ ಮಹಡಿಯಲ್ಲೇ, ಪೆಶಾಳ ಕೈಯೂಟ ಉಂಡೇ. ಕರೆಯುವುದು ಮಾತ್ರ ಬೇರೆಯಾಯಿತು. ಕೆಳಗೆ ಮೂಲಂಗಿ ತುರಿಯುವವಳು ಅಮ್ಮ, ಮೇಲೆ ಅನ್ನ ಹಾಕುವವಳು ಚಿಕ್ಕಮ್ಮ. "ದ್ವೋಷಾ ಮಗನೇ, ಊಟಕ್ಕೆ ಬಾ" ಎಂದು ಪೆಶಾ ಕಿಟಕಿಯಿಂದ ಕೂಗಿದರೆ ಬೀದಿಯ ಹುಡುಗರು "ಲೇ ಐದು ಸೆಂಟು, ನಿಮ್ಮ ಚಿಕ್ಕಮ್ಮ ಕರೀತಿದಾಳೆ ಕಣೋ" ಅನ್ನುತ್ತಿದ್ದರು. ಆನ್ಶೆಲ್ ಅವರ ಜೊತೆ ತಾನೂ ನಗುತ್ತಿದ್ದ. ಹತ್ತು ವರ್ಷದವನಿದ್ದಾಗ ಒಂದು ಸಲ ಬೇಕೆಂದೇ ಮೆಟ್ಟಿಲಿನಿಂದ ಉರುಳಿ ಹಣೆ ಒಡೆದುಕೊಂಡ. ಗಾಬರಿಯಲ್ಲಾದರೂ ಅವಳ ಬಾಯಿಂದ "ಮಗನೇ" ಎಂದು ಬಿದ್ದೀತು ಎಂಬ ಆಸೆ. ಪೆಶಾ ಓಡಿ ಬಂದಳು, ಕೆಳತುಟಿಯನ್ನು ರಕ್ತ ಬರುವಷ್ಟು ಕಚ್ಚಿಕೊಂಡು ಗಾಯ ತೊಳೆದಳು. ಆಮೇಲೆ ಕಿಟಕಿಯಿಂದ ಬಗ್ಗಿ, ದ್ವೋಷಾ, ನಿನ್ನ ಮಗನಿಗೆ ಏಟಾಗಿದೆ ನೋಡು ಎಂದಳು. ಆ ಗಾಯದ ಗುರುತು ಅವನ ಹಣೆಯ ಮೇಲೆ ಕಡೆಯವರೆಗೂ ಇತ್ತು.

ಬಾಸ್ಕೆಟ್‌ಬಾಲ್ ಅವನಿಗೆ ಸಿಕ್ಕಿದ್ದು ನಮ್ಮ ಬೀದಿಯ ಹುಡುಗರಿಗೆಂದು ದೊಡ್ಡವರು ಕಟ್ಟಿಸಿಕೊಟ್ಟಿದ್ದ ಸೇವಾಮನೆಯ ನೆಲಮಾಳಿಗೆಯಲ್ಲಿ. ಅಲ್ಲಿ ಚಾವಣಿ ತೀರಾ ತಗ್ಗು, ಚೆಂಡನ್ನು ಮೇಲಕ್ಕೆ ಎಸೆದರೆ ತೊಲೆಗೆ ಬಡಿದು ವಾಪಸು ಬರುತ್ತಿತ್ತು. ಚಿಕ್ಕಂದಿನ ಆ ಜ್ವರ ಸೊರಗಿಸಿಹೋದ ಎದೆಯಿಂದ ಅವನಿಗೆ ಹೆಚ್ಚು ಓಡಲೂ ಆಗುತ್ತಿರಲಿಲ್ಲ. ಹಾಗಾಗಿ ನಿಂತಲ್ಲೇ ನಿಂತು, ಮೊಣಕಾಲು ಮಡಿಸಿ, ಎರಡೂ ಕೈಯಲ್ಲಿ ಚೆಂಡನ್ನು ಕಾಲಿನ ನಡುವೆ ಇಳಿಸಿ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಮೆಲ್ಲಗೆ ಬಿಡುವುದನ್ನು ಕಲಿತ. ತೊಲೆಗೂ ತಾಗದೆ, ಬಳೆಗೂ ತಾಗದೆ ಚೆಂಡು ಬಲೆಗೆ ಬೀಳುತ್ತಿತ್ತು.

ಆ ಕಾಲದ ಆಟದಲ್ಲಿ ಎದುರಾಳಿ ತಪ್ಪು ಮಾಡಿದರೆ ಪೆಟ್ಟು ತಿಂದವನೇ ಚೆಂಡೆಸೆಯಬೇಕು ಎಂಬ ಕಟ್ಟಳೆ ಇರಲಿಲ್ಲ. ತಂಡಕ್ಕೊಬ್ಬ ಇರುತ್ತಿದ್ದ, ಯಾರಿಗೆ ಪೆಟ್ಟು ಬಿದ್ದರೂ ಗೆರೆಯ ಮೇಲೆ ನಿಂತು ಎಸೆಯುವವನು ಅವನೇ. ಇಪ್ಪತ್ತು ಅಂಕಕ್ಕೆ ಆಟ ಮುಗಿಯುತ್ತಿದ್ದ ದಿನಗಳಲ್ಲಿ ಅದರ ಅರ್ಧದಷ್ಟು ಅಂಕ ಅವನೊಬ್ಬನ ಕೈಯಿಂದಲೇ ಬರುತ್ತಿತ್ತು. ಬೆಟ್ಟದ ಮೇಲಿನ, ಫೀಸಿಲ್ಲದ ಊರ ಕಾಲೇಜಿಗೆ ಆನ್ಶೆಲ್ ಸೇರಿದಾಗ ಅಲ್ಲಿನ ಕೋಚ್ ಡನ್ಲೀವಿ ಅವನ ಸಣಕಲು ಕಾಲು ನೋಡಿ ಮೂಗು ಮುರಿದಿದ್ದ. ಸಾಲಾಗಿ ಮೂವತ್ತೊಂದು ಚೆಂಡು ಬಲೆಗೆ ಬಿದ್ದ ಮೇಲೆ, ನಿನಗೆ ಓಡುವ ಕೆಲಸ ಯಾರು ಹೇಳಿದರಯ್ಯಾ ಎಂದು ಬೆನ್ನು ತಟ್ಟಿದ.

ಎಸೆಯುವ ಮುಂಚೆ ಆನ್ಶೆಲ್ ತುಟಿಯಲ್ಲೇ ಒಂದು ಮಾತು ಹೇಳಿಕೊಳ್ಳುತ್ತಿದ್ದ. ಪ್ರಾರ್ಥನೆ ಎಂದು ಜೊತೆಯವರು ತಿಳಿದಿದ್ದರು. ಅವನು ಹೇಳಿಕೊಳ್ಳುತ್ತಿದ್ದದ್ದು "ಇದು ನಂದು" ಎಂದಷ್ಟೇ.

1918ರ ದೊಡ್ಡ ಶೀತಜ್ವರದಲ್ಲಿ ಝಲ್ಮನ್ ಸತ್ತ. ಅಪ್ಪನ ಇಸ್ತ್ರಿಪೆಟ್ಟಿಗೆ ಮಗನ ಕೈಗೆ ಬಂತು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಅಂಗಡಿಯ ಉಗಿ, ಸಂಜೆ ಅಭ್ಯಾಸ. ಡಿಗ್ರಿ ಮುಗಿದರೆ ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರ ಕೆಲಸ ಸಿಗುತ್ತದೆಂದು ಡನ್ಲೀವಿ ಮಾತು ಕೊಟ್ಟಿದ್ದ. ಕೆಲಸ ಸಿಕ್ಕ ಮೇಲೆ ಮದುವೆ, ಮದುವೆಯ ದಿನ ಆ ಐದು ಸೆಂಟು ವಾಪಸು. ಇದನ್ನೆಲ್ಲ ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಒಂದೊಂದು ಚೆಂಡು ಬಲೆಗೆ ಬಿದ್ದಾಗಲೂ ಆ ದಿನ ಒಂದಿಷ್ಟು ಹತ್ತಿರ ಬಂದ ಹಾಗೆ ಅವನಿಗೆ ಅನ್ನಿಸುತ್ತಿತ್ತು.

ಮೂರನೇ ವರ್ಷ ಅವನ ಕಾಲ. ತಂಡದ ಐವರಲ್ಲಿ ನಾಲ್ವರು ನಮ್ಮವರೇ, ಹನ್ನೆರಡು ಆಟದಲ್ಲಿ ಹನ್ನೊಂದು ಗೆದ್ದರು. ಹೊರಗಿನ ಊರಿಗೆ ಹೋದರೆ ಅವನು ಗೆರೆಯ ಮೇಲೆ ನಿಂತ ಕೂಡಲೇ ಜನ, ನಾವು ಮುಟ್ಟದ ಹಂದಿಯ ಹಾಗೆ ಗುಟುರು ಹಾಕುತ್ತಿದ್ದರು. ಒಂದು ಕಡೆ ಹಂದಿಮಾಂಸದ ತುಂಡೇ ಬಂದು ಅವನ ಬೂಟಿನ ಮೇಲೆ ಬಿತ್ತು. ಅವನು ಬಗ್ಗಿ ನೋಡಲಿಲ್ಲ. ಚೆಂಡು ಬಲೆಗೆ ಬಿದ್ದ ಮೇಲೆ ಬೂಟನ್ನು ನೆಲಕ್ಕೆ ಉಜ್ಜಿ ತನ್ನ ಜಾಗಕ್ಕೆ ನಡೆದ.

ಪೆಶಾ ಒಂದು ಆಟಕ್ಕೂ ಬರಲಿಲ್ಲ. ನಾಲ್ಕು ಜನ ಅವನನ್ನು ಹೊಗಳುವ ಕಡೆ ತಾನಿದ್ದರೆ ಬಾಯಿ ಹಿಡಿತದಲ್ಲಿರುವುದಿಲ್ಲ ಎಂಬ ಭಯ ಅವಳಿಗೆ. ದ್ವೋಷಾಳಿಗೆ ಅಂಥ ಭಯವೇನೂ ಇರಲಿಲ್ಲ. ಶನಿವಾರ ನಕ್ಷತ್ರ ಮೂಡಿ, ಕೆಲಸ ಮುಟ್ಟಬಾರದ ಸಬ್ಬತ್ ದಿನ ಮುಗಿಯುತ್ತಿದ್ದ ಹಾಗೆ ಏಳು ಮಕ್ಕಳಲ್ಲಿ ಸಿಕ್ಕವರನ್ನು ಎಳೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಚೆಂಡು ಬಲೆಗೆ ಬಿದ್ದಾಗಲೆಲ್ಲ ಎದ್ದು ನಿಂತು, ಅವನು ನನ್ನ ಮಗ, ದುಡ್ಡು ಕೊಟ್ಟು ತಗೊಂಡಿದೀನಿ ಎಂದು ಸುತ್ತಲಿನವರಿಗೆ ಸಾರುತ್ತಿದ್ದಳು. ಫೆಬ್ರವರಿಯ ಒಂದು ಆಟದಲ್ಲಿ ಅವಳ ಹಿಂದೆ ಎದುರು ಕಾಲೇಜಿನ ಕಡೆಯ ಒಬ್ಬ ಮನುಷ್ಯ ಕೂತಿದ್ದ. ಆ ಹೆಂಗಸು ಯಾರು ಎಂದು ಪಕ್ಕದವನನ್ನು ಕೇಳಿದ. ಗೆರೆಯವನ ತಾಯಿ, ಕಗಾನ್ ಎಂದು ಉತ್ತರ ಬಂತು. ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರುಗಳಲ್ಲಿ ಆಗ ಕಗಾನ್ ಎಂಬ ಒಬ್ಬ ಆಟಗಾರ ಸಂಬಳಕ್ಕೆ ಆಡುತ್ತಿದ್ದ. ದ್ವೋಷಾಳಿಗೂ ಅವನಿಗೂ ಯಾವ ನಂಟೂ ಇರಲಿಲ್ಲ, ಆದರೆ ಹೊಟ್ಟೆ ಉರಿಯುವವನಿಗೆ ಅಷ್ಟು ಸಾಕಿತ್ತು.

ಸಂಬಳಕ್ಕೆ ಆಡಿದವನು ಕಾಲೇಜಿನ ತಂಡದಲ್ಲಿ ಇರುವಂತಿಲ್ಲ. ವಾರದೊಳಗೆ ಕಾಲೇಜಿನ ಆಟದ ಸಮಿತಿಗೆ ಒಂದು ಪತ್ರ ಬಂತು. ನಿಮ್ಮ ಲಿಪ್ಕಿನ್ ಲಿಪ್ಕಿನ್ನೇ ಅಲ್ಲ, ಸಂಬಳದ ಆಟಗಾರ ಕಗಾನ್, ಕಳ್ಳ ಹೆಸರಿನಲ್ಲಿ ಸೇರಿಕೊಂಡಿದ್ದಾನೆ ಎಂದು ಅದರಲ್ಲಿ ಬರೆದಿತ್ತು. ಸಮಿತಿಯವರು ಕೆಟ್ಟವರೇನಲ್ಲ. ವಿಚಾರಿಸಿ ಬಾ ಎಂದು ಒಬ್ಬ ಗುಮಾಸ್ತನನ್ನು ತಂಡದ ಫೋಟೋ ಕೊಟ್ಟು ಲಡ್ಲೋ ಬೀದಿಗೆ ಕಳಿಸಿದರು. ಆನ್ಶೆಲ್ ಅಂಗಡಿಯಲ್ಲಿದ್ದ. ಪೆಶಾಳಿಗೆ ಇಂಗ್ಲಿಷ್ ಬರದು, ಮನೆಮಾಲೀಕನ ಮಗಳು ನಡುವೆ ನಿಂತು ಅವಳಿಗೆ ತಿಳಿಯುವ ಹಾಗೆ ಹೇಳಿದಳು. ಈ ಫೋಟೋದಲ್ಲಿರುವವನು ನಿಮ್ಮ ಮಗನೇ?

ಹದಿನಾರು ವರ್ಷದಿಂದ ಪೆಶಾ ಹೆದರಿಕೊಂಡಿದ್ದ ಪ್ರಶ್ನೆ ಅದೇ. ಕಪ್ಪು ಕೋಟು, ಕೈಯಲ್ಲಿ ಪುಸ್ತಕ, ಬಾಗಿಲಲ್ಲಿ ನಿಂತು ಹೆಸರು ಕೇಳುವ ಅಪರಿಚಿತ. ಅವಳು ಫೋಟೋವನ್ನು ಮುಟ್ಟಲೂ ಇಲ್ಲ. ನನಗೆ ಮಗನಿಲ್ಲ, ಇದ್ದ ಇಬ್ಬರೂ ಮಣ್ಣಲ್ಲಿದ್ದಾರೆ, ಇವನು ಕೆಳಗಿನ ದ್ವೋಷಾಳ ಮಗ ಎಂದಳು. ಗುಮಾಸ್ತ ಕೆಳಗಿಳಿದ. ದ್ವೋಷಾ ಸಂಭ್ರಮದಿಂದ ಕೈ ಒರೆಸಿಕೊಂಡು, ಹೌದು ನನ್ನ ಮಗನೇ, ಕಗಾನ್ ಎಂದೇ ಬರೆದುಕೊಳ್ಳಿ ಎಂದಳು. ಅವನು ಬರೆದುಕೊಂಡ.

ಸಮಿತಿಯವರು ಆನ್ಶೆಲ್‌ನನ್ನು ಕರೆಸಿದರು. ಹುಟ್ಟಿದ ದಾಖಲೆ ತೋರಿಸು ಎಂದರು. ಹೆರಿಗೆ ಮಾಡಿಸಿದ ಸೂಲಗಿತ್ತಿ ಯಾವ ಕಚೇರಿಗೂ ಹೋಗಿ ಬರೆಸಿರಲಿಲ್ಲ, ನಮ್ಮ ಬೀದಿಯ ಅರ್ಧ ಮಕ್ಕಳ ಕಥೆ ಅದೇ. ಶಾಲೆಗೆ ಸೇರಿಸಿದ ಅಪ್ಪ ಸತ್ತುಹೋಗಿದ್ದ. ಅಕ್ಕಪಕ್ಕದವರ ಸಾಕ್ಷಿ ತರುತ್ತೇನೆ ಎಂದ. ಹೆತ್ತವಳು ಎನ್ನಿಸಿಕೊಂಡವಳೇ ಅಲ್ಲ ಅಂದ ಮೇಲೆ ಅಕ್ಕಪಕ್ಕದವರ ಮಾತು ಹೇಗೆ ನಂಬುವುದು ಎಂದರು. ಐದು ಸೆಂಟಿನ ಕಥೆಯನ್ನೂ ಹೇಳಿದ, ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುವಾರ ನಾಲ್ಕು ಗಂಟೆಗೆ ತಾಯಿಯನ್ನು ಕರೆದುಕೊಂಡು ಬಾ, ಆಕೆ ನಮ್ಮೆದುರು ಒಂದು ಮಾತು ಹೇಳಿದರೆ ಸಾಕು ಎಂದು ಗಡುವು ಕೊಟ್ಟರು. ಇಲ್ಲದಿದ್ದರೆ ತಂಡವೂ ಇಲ್ಲ, ಕಾಲೇಜೂ ಇಲ್ಲ.

ಅವನು ಮನೆಗೆ ಬಂದಾಗ ಪೆಶಾ ಹಲಗೆಯ ಮೇಲೆ ಮಾಂಸಕ್ಕೆ ಉಪ್ಪು ಹಚ್ಚುತ್ತಿದ್ದಳು, ರಕ್ತ ಬಸಿದುಹೋಗಲೆಂದು. ಅವನು ಎಲ್ಲ ಹೇಳಿದ. ಅವಳು ಉಪ್ಪು ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಒಂದೇ ಒಂದು ಮಾತು, ಚಿಕ್ಕಮ್ಮ," ಎಂದ. "ಮೂರು ಜನರ ಮುಂದೆ. ನಾಲ್ಕು ಗೋಡೆ ಒಳಗೆ."

"ಹೆರ್ಷ್‌ನ, ಝುಸ್ಮನ್‌ನ ನಾನು ಬಾಯ್ತುಂಬಾ ಮಗನೇ ಅಂತ ಕರೀತಿದ್ದೆ," ಎಂದಳು ಪೆಶಾ. "ದಿನಕ್ಕೆ ನೂರು ಸಲ ಕರೀತಿದ್ದೆ. ಆ ದೂತ ಕೇಳಿಸ್ಕೊಂಡ."

"ನಂಗೀಗ ಇಪ್ಪತ್ತೊಂದು ವರ್ಷ. ಇಷ್ಟು ದಿನ ಆದ್ಮೇಲೂ ಅವನಿಗೆ ನಾನೇ ಬೇಕಾ? ಈ ಊರಲ್ಲಿ ಬೇರೆ ಜನ ಸಿಗಲ್ವಾ ಅವನಿಗೆ?"

"ತಮಾಷೆ ಮಾಡ್ಬೇಡ. ಚೆಂಡಾಟ ಇಲ್ದೇ ಇದ್ರೆ ಜನ ಸಾಯಲ್ಲ."

ಆನ್ಶೆಲ್ ಗೋಡೆ ಕಡೆ ತಿರುಗಿ ನಿಂತ. ಆಟ ಹೋದರೆ ಹೋಗಲಿ ಎಂದು ಅವನೂ ಹೇಳಬಹುದಿತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಆಟವೊಂದೇ ಅಲ್ಲ. ಒಂದು ಸಲ, ಯಾರದೋ ಎದುರಿಗೆ, ಅವಳ ಬಾಯಿಂದ ಆ ಮಾತು ಕೇಳಬೇಕಾಗಿತ್ತು. ಮದುವೆಯವರೆಗೂ ಕಾಯಬೇಕೆಂದಿದ್ದವನಿಗೆ ಈಗ ಗುರುವಾರದವರೆಗೂ ಕಾಯಲಾಗಲಿಲ್ಲ.

ಪೆಶಾ ಸೋಮವಾರ ಉಪವಾಸ ಮಾಡಿದಳು, ಗುರುವಾರವೂ ಮಾಡಿದಳು. ಗುರುವಾರ ಮಧ್ಯಾಹ್ನ ಅವನು ಅಂಗಡಿಯಿಂದ ಬಂದಾಗ ಝಲ್ಮನ್ ಇದ್ದಾಗಿನ ಕಪ್ಪು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಡಿ, ಹೋಗಣ" ಎಂದಳು. ಅವನಿಗೆ ನಂಬಲಾಗಲಿಲ್ಲ. ಮೇಲ್ಸೇತುವೆಯ ರೈಲಿನಲ್ಲಿ ಅವಳು ಉದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದಳು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ಅವನು ಕಿಟಕಿಯಾಚೆ ನೋಡುತ್ತ ಕೂತ. ಆ ವಾರವೆಲ್ಲ ಅವನಿಗೆ ನೆಗಡಿ, ಅಂಗಡಿಯ ಉಗಿಯಲ್ಲಿ ಬೆವರಿದ ಮೈಯಲ್ಲಿ ಚಳಿಗೆ ಹೊರಟು ಬಂದದ್ದರ ಫಲ.

ಸಮಿತಿಯ ಕೋಣೆಯಲ್ಲಿ ಹಬೆಯ ಕೊಳವೆ ಬುಸುಗುಡುತ್ತಿತ್ತು. ಮೂವರು ಮೇಜಿನಾಚೆ ಕೂತಿದ್ದರು. ಪಕ್ಕದಲ್ಲಿ ಜರ್ಮನ್ ಕಲಿಸುವ ಮೇಷ್ಟ್ರು ನಿಂತಿದ್ದರು, ಜರ್ಮನ್ನಿಗೆ ಹತ್ತಿರದ ನಮ್ಮ ಭಾಷೆ ಅವರಿಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಅವರು ಮೆತ್ತಗೆ ಕೇಳಿದರು. ಅಮ್ಮಾ, ಈ ಹುಡುಗ ಯಾರು?

ಪೆಶಾ ಎದ್ದು ನಿಂತಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇವನು" ಎಂದಳು, ಉಸಿರು ಎಳೆದುಕೊಂಡಳು. ಅವಳು ಹೇಳಿಯೇ ಬಿಡುತ್ತಿದ್ದಳು, ಅದರಲ್ಲಿ ಆನ್ಶೆಲ್‌ಗೆ ಮುಂದೆಂದೂ ಅನುಮಾನ ಬರಲಿಲ್ಲ. ಅಷ್ಟರಲ್ಲಿ ಆ ಬಿಸಿಗೆ ಗಂಟಲು ಕೆರೆದು ಅವನು ಕೆಮ್ಮಿದ. ಒಂದು ಸಲ ಕೆಮ್ಮಿದ್ದರೆ ಏನಾಗುತ್ತಿತ್ತೋ. ತಡೆಯಲು ಹೋದಷ್ಟೂ ಜಾಸ್ತಿಯಾಗಿ ಮುಖ ಕೆಂಪಾಗಿ ಬಗ್ಗಿ ಬಗ್ಗಿ ಕೆಮ್ಮಿದ. ಪೆಶಾ ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು.

"ಇವನು ನಮ್ಮ ಪಕ್ಕದ ಮನೆ ಹುಡುಗ," ಎಂದಳು. "ದ್ವೋಷಾ ಮಗ. ನಂಗೆ ಮಕ್ಕಳಿಲ್ಲ, ಸ್ವಾಮಿ."

ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಹೇಳುವ ಅಗತ್ಯವೂ ಇರಲಿಲ್ಲ.

ಕಳ್ಳ ಹೆಸರಿನಲ್ಲಿ ಸೇರಿದ್ದಕ್ಕೆ ಅವನ ಹೆಸರು ಕಾಲೇಜಿನಿಂದ ಹೋಯಿತು. ಡನ್ಲೀವಿ ಟೋಪಿ ಕಿತ್ತು ನೆಲಕ್ಕೆ ಬಡಿದ, ಎರಡು ದಿನ ಬಾಗಿಲಿಂದ ಬಾಗಿಲಿಗೆ ಅಲೆದ. ಕಡೆಗೆ, ತಾಯಿಯ ಮಾತಿನ ಎದುರು ನನ್ನ ಮಾತು ಯಾರಪ್ಪ ಕೇಳುತ್ತಾರೆ ಎಂದು ಕೈಚೆಲ್ಲಿದ. ಶನಿವಾರದ ಆಟದಲ್ಲಿ ಗೆರೆಯ ಮೇಲೆ ಬೇರೊಬ್ಬ ನಿಂತು ಹದಿನೈದು ಎಸೆತಕ್ಕೆ ಆರು ಹಾಕಿದ. ತಂಡ ಮೂರು ಅಂಕದಲ್ಲಿ ಸೋತಿತು.

ಆನ್ಶೆಲ್ ಒಂದು ಸಣ್ಣ ಪೆಟ್ಟಿಗೆ ಕಟ್ಟಿಕೊಂಡ. ಪೆಶಾ ಒಲೆಯ ಹತ್ತಿರ ನಿಂತಿದ್ದಳು.

"ಇಷ್ಟು ವರ್ಷ ನಾನು ಆಟ ಅಂದ್ಕೊಂಡಿದ್ದೆ, ಚಿಕ್ಕಮ್ಮ," ಎಂದ. "ನೀವು ನಿಜವಾಗ್ಲೂ ಮಾರ್ಬಿಟ್ಟಿದೀರಿ."

ಅವನು ಅವಳಿಗೆ "ನೀವು" ಅಂದದ್ದು ಅದೇ ಮೊದಲು. ಅವನು ಮೆಟ್ಟಿಲಿಳಿಯುವಾಗ ಕೆಮ್ಮುತ್ತಾನೋ ಎಂದು ಅವಳು ಕಿವಿಗೊಟ್ಟು ನಿಂತಿದ್ದಳು.

ಅವನು ಹೋದದ್ದು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಊರಿಗೆ, ಸಂಬಳಕ್ಕೆ ಆಡುವವರ ಹತ್ತಿರಕ್ಕೆ. ಹೆಸರೇನು ಎಂದು ಕೇಳಿದಾಗ ಕಗಾನ್ ಎಂದೇ ಹೇಳಿದ. ಯಾವ ಸುಳ್ಳಿಗೆ ಅವನನ್ನು ಹೊರಹಾಕಿದ್ದರೋ ಅದನ್ನು ಹಟಕ್ಕೆ ಬಿದ್ದು ನಿಜ ಮಾಡಿಕೊಂಡ. ಅಲ್ಲಿ ಆಟದ ಅಂಗಳದ ಸುತ್ತ ಆಳೆತ್ತರಕ್ಕಿಂತ ಎತ್ತರದ ತಂತಿಯ ಬಲೆ. ಬಲೆಯ ಆಚೆ ಗಣಿಯಿಂದ ನೇರ ಬಂದ ಜನ, ಈಚೆ ಹತ್ತು ಜನ ಆಟಗಾರರು. ತಳ್ಳಿದರೆ ಮೈ ತಂತಿಗೆ ಉಜ್ಜಿಕೊಂಡೇ ಬೀಳಬೇಕು. ಗೆರೆಯ ಮೇಲೆ ನಿಂತವನ ಕಾಲಿಗೆ ಗಣಿಯ ದೀಪದಲ್ಲಿ ಕಾಯಿಸಿದ ಮೊಳೆ ತೂರುವುದು ಅಲ್ಲಿನವರಿಗೆ ಆಟದಷ್ಟೇ ಖುಷಿ. ಆನ್ಶೆಲ್‌ನ ಮೊಣಕಾಲಿನ ಕೆಳಗೆ ಸುಟ್ಟ ಕಲೆಗಳು ತುಂಬಿದವು. ಚೆಂಡು ಮಾತ್ರ ಬಲೆಗೆ ಬೀಳುತ್ತಲೇ ಇತ್ತು. "ಇದು ನಂದು" ಎಂದು ಹೇಳಿಕೊಳ್ಳುವುದನ್ನು ಅವನು ಬಿಟ್ಟಿದ್ದ.

ತಿಂಗಳಿಗೊಂದು ಕಾಗದ ಬರೆಯುತ್ತಿದ್ದ, ದ್ವೋಷಾಳಿಗೆ. "ಅಮ್ಮನಿಗೆ" ಎಂದು ಶುರುಮಾಡುತ್ತಿದ್ದ. ಮೂರನೇ ಮಹಡಿಯ ಸುದ್ದಿ ಎತ್ತುತ್ತಿರಲಿಲ್ಲ.

ಎರಡನೇ ಚಳಿಗಾಲದಲ್ಲಿ, 1923ರ ಜನವರಿಯಲ್ಲಿ, ಯಾರೋ ತಳ್ಳಿದ ರಭಸಕ್ಕೆ ತುಕ್ಕು ಹಿಡಿದ ತಂತಿಯ ಮೊನೆ ಅವನ ಮುಂಗೈಯನ್ನು ಸೀಳಿತು. ಬಟ್ಟೆ ಸುತ್ತಿಕೊಂಡು ಆಟ ಮುಗಿಸಿದ, ಮಾರನೇ ದಿನ ಪಕ್ಕದ ಊರಿನಲ್ಲೂ ಆಡಿದ. ನಾಲ್ಕನೇ ದಿನ ತೋಳು ಕಂಬದಷ್ಟಾಗಿ, ಕೆಂಪು ಗೆರೆ ಕಂಕುಳಿಗೆ ಏರಿತ್ತು. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ಹಾಕಿದರು. ರಕ್ತಕ್ಕೆ ನಂಜು ಏರಿದೆ ಎಂದರು. ಆ ದಿನಗಳಲ್ಲಿ ಅದಕ್ಕೆ ಮದ್ದು ಇರಲಿಲ್ಲ, ಕಾಯುವುದಷ್ಟೇ. ತಾಯಿಯ ಹೆಸರು ಕೇಳಿದ ಸನ್ಯಾಸಿನಿಗೆ ಅವನು ದ್ವೋಷಾ ಕಗಾನ್, ಲಡ್ಲೋ ಬೀದಿ ಎಂದು ಬರೆಸಿದ, ಅಲ್ಲಿಗೆ ಟೆಲಿಗ್ರಾಂ ಹೋಯಿತು.

ಮಾರನೇ ದಿನ ಮಧ್ಯಾಹ್ನ ಕಣ್ಣು ಬಿಟ್ಟಾಗ ಮೂಲಂಗಿಯ ವಾಸನೆ ಬಂತು. ದ್ವೋಷಾ ಮಂಚದ ಪಕ್ಕ ಕೂತಿದ್ದಳು, ಅವನ ಒಳ್ಳೆಯ ಕೈ ಹಿಡಿದುಕೊಂಡು.

"ತಾಯಿಗೆ ಮಾತ್ರ ಒಳಕ್ಕೆ ಬಿಡೋದಂತೆ," ಎಂದಳು. "ನನ್ನ ಬಿಟ್ರು. ಅವಳು ಹೊರಗೆ ಬೆಂಚಿನ ಮೇಲೆ ಕೂತವ್ಳೆ."

ಹೊರಗಿರುವವಳು ಯಾರೆಂದು ಅವನು ಕೇಳಬೇಕಾಗಿರಲಿಲ್ಲ.

"ಬಾರೇ, ನಾನು ನಿಜ ಹೇಳ್ತೀನಿ, ಬಿಡ್ತಾರೆ ಅಂದೆ. ಕೈ ಮುಗಿದುಬಿಟ್ಳು. ಪಕ್ಕದ ಮನೆಯವಳು ಅಂತಾನೆ ಹೇಳು ಅಂದ್ಳು. ನಿನ್ನ ಕಾಗದ ಬಂದ ದಿನ ನಮ್ಮ ಹುಡುಗಿ ಗಾಡಿ ಹತ್ರ ಜೋರಾಗಿ ಓದ್ತಿದ್ಳು ಕಣೋ. ಇವಳು ಮೂಲಂಗಿ ಆರಿಸೋ ಹಾಗೆ ನಿಂತು ಕೇಳೋಳು. ಎರಡು ವರ್ಷದಲ್ಲಿ ಒಂದು ಮೂಲಂಗಿನೂ ತಗೊಂಡಿಲ್ಲ. ಓದಿ ಮುಗೀತಿದ್ದ ಹಾಗೆ, ಅವನು ಕೆಮ್ಮಿನ ವಿಷ್ಯ ಏನಾದ್ರೂ ಬರ್ದಿದಾನಾ ಅಂತ ಕೇಳೋಳು. ಅಷ್ಟೇ ಕೇಳೋಳು."

ಸಮಿತಿಯ ಕೋಣೆಯಲ್ಲಿ ಅವಳ ಕಣ್ಣು ಬಾಗಿಲ ಕಡೆ ಹೋದದ್ದು ಆನ್ಶೆಲ್‌ಗೆ ನೆನಪಾಯಿತು. ತನ್ನನ್ನು ಬಿಟ್ಟುಕೊಟ್ಟಳು ಎಂದು ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದ. ಅವಳು ಬಿಟ್ಟುಕೊಟ್ಟದ್ದು ಮಗ ಎಂಬ ಮಾತನ್ನು ಮಾತ್ರ, ಅವನನ್ನಲ್ಲ. ಈ ಸಣ್ಣ ವಿಷಯ ತಿಳಿಯಲು ಇಷ್ಟು ಜ್ವರ ಬರಬೇಕಾಯಿತೇ ಎಂದು ಅವನಿಗೆ ಅಳು ಬಂತು.

"ನಿಜ ಹೇಳಿ ಕರ್ಕೊಂಬರ್ಲಾ?" ಎಂದಳು ದ್ವೋಷಾ.

"ಬೇಡಮ್ಮ. ಹೆದರ್ಕೋತಾಳೆ. ಬಾಗಿಲು ತೆಗೆದಿಡು, ಸಾಕು."

ಬಾಗಿಲು ತೆರೆದಾಗ ಬೆಂಚಿನ ಒಂದು ತುದಿ, ಕಪ್ಪು ಟೋಪಿಯ ಅಂಚು, ಮಡಿಲಲ್ಲಿಟ್ಟ ಎರಡು ಕೈ ಕಂಡವು. ಬಟ್ಟೆ ಹೂವಿನ ಬಣ್ಣ ಹತ್ತಿದ ಬೆರಳುಗಳು. ಆನ್ಶೆಲ್ ಇದ್ದಬದ್ದ ಉಸಿರು ಸೇರಿಸಿ, ಆ ಹಾದಿಯಲ್ಲಿ ಯಾರೇ ಹೊಂಚುಹಾಕಿ ನಿಂತಿದ್ದರೂ ಕೇಳಿಸುವ ಹಾಗೆ ಮಾತಾಡಿದ.

"ಚಿಕ್ಕಮ್ಮ, ಊಟ ಮಾಡಿದ್ಯಾ?"

ಮಡಿಲಲ್ಲಿದ್ದ ಕೈಗಳು ಎದ್ದು ಟೋಪಿಯ ಅಂಚನ್ನು ಸರಿಮಾಡಿದವು.

"ಮಾಡ್ದೆ ಕಣಪ್ಪ," ಎಂದಳು ಹೊರಗಿನಿಂದ. "ನಿಂಗೆ ಹೇಗಿದೆ, ದ್ವೋಷಾ ಮಗನೇ?"

"ನಂಗೇನಾಗಿದೆ? ನಮ್ಮಮ್ಮ ಇಲ್ಲೇ ಪಕ್ಕದಲ್ಲಿದಾಳೆ. ಕೈ ಹಿಡ್ಕೊಂಡಿದಾಳೆ."

"ಹ್ಞೂಂ, ಹಿಡ್ಕೊಂಡಿರ್ಲಿ," ಎಂದಳು ಪೆಶಾ. "ಗಟ್ಟಿಯಾಗಿ ಹಿಡ್ಕೊಳಕ್ಕೆ ಹೇಳು."

ಸನ್ಯಾಸಿನಿಯರಿಗೆ ಈ ಭಾಷೆ ತಿಳಿಯದು. ಪಕ್ಕದ ಮನೆಯವಳ ಮೇಲೆ ಹುಡುಗನಿಗೆ ಎಷ್ಟು ಪ್ರೀತಿ ಎಂದು ಅವರಲ್ಲೊಬ್ಬಳು ಬೆಂಚಿನ ಹತ್ತಿರ ಒಂದು ಕಂಬಳಿ ತಂದಿಟ್ಟಳು. ಎರಡು ದಿನ ಹೀಗೇ ನಡೆಯಿತು. ಎಚ್ಚರವಾದಾಗಲೆಲ್ಲ ಅವನು, ಚಿಕ್ಕಮ್ಮ ಇದಾಳಾ ಎಂದು ಕೇಳುತ್ತಿದ್ದ, ಇದೀನಪ್ಪ ಎಂದು ಉತ್ತರ ಬರುತ್ತಿತ್ತು. ಜ್ವರದ ಅಮಲಿನಲ್ಲೂ ಅವನ ಬಾಯಿಂದ ಒಂದು ಸಲವೂ ಬೇರೆ ಕರೆ ಬೀಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವನ ಎರಡೂ ಕೈ ಕಂಬಳಿಯ ಮೇಲೆ ಚೆಂಡು ಹಿಡಿದ ಹಾಗೆ ಕೂಡಿಕೊಂಡವು, ಮೆಲ್ಲಗೆ ಬಿಟ್ಟುಕೊಂಡವು. ಅವನ ಕರೆಗೆ ಕಾದು ಕಾದು ಪೆಶಾಳಿಗೆ ತಿಳಿಯಿತು. ಹುಡುಗ ಯಾರ ಮಗ ಎಂದು ಸಾವಿನ ದೂತ ಕೇಳಿರಲಿಲ್ಲ.

ಹೆಣವನ್ನು ರೈಲಿನಲ್ಲಿ ತಂದರು. ಹಳೇ ಊರಿನವರ ಸಂಘಕ್ಕೆ ನದಿಯಾಚೆ ಒಂದು ಸ್ಮಶಾನದಲ್ಲಿ ಜಾಗವಿತ್ತು, ಝಲ್ಮನ್ ಮಲಗಿದ್ದ ಸಾಲಿನಲ್ಲೇ ಗುಂಡಿ ತೋಡಿದ್ದರು. ನೆಲ ಹಿಮಗಟ್ಟಿ ಕಲ್ಲಾಗಿತ್ತು. ಲಡ್ಲೋ ಬೀದಿಯವರು ಬಂದಿದ್ದರು, ಡನ್ಲೀವಿಯೂ ಬಂದು ಟೋಪಿ ತೆಗೆಯಬೇಕೋ ಹಾಕಿಕೊಂಡಿರಬೇಕೋ ತಿಳಿಯದೆ ಹಿಂದೆ ನಿಂತಿದ್ದ. ಸ್ಮಶಾನದ ಮುದುಕ ಶೆಫ್ಟೆಲ್ ಸಣ್ಣ ಚಾಕು ಹಿಡಿದು ಮುಂದೆ ಬಂದ. ಸತ್ತವನ ರಕ್ತಸಂಬಂಧಿಗಳ ಕೋಟಿನ ಎದೆಯಂಚನ್ನು ದುಃಖದ ಗುರುತಾಗಿ ಗುಂಡಿಯ ಮುಂದೆ ಕೊಯ್ಯಬೇಕು, ಮಿಕ್ಕವರಿಗೆ ಆ ಹಕ್ಕಿಲ್ಲ. ಶೆಫ್ಟೆಲ್ ನಮ್ಮ ಬೀದಿಯವನಲ್ಲ, ಐದು ಸೆಂಟಿನ ಕಥೆ ಅವನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ಚೀಟಿ ನೋಡಿ, ದ್ವೋಷಾ ಕಗಾನ್, ತಾಯಿ, ಮುಂದೆ ಬನ್ನಿ ಎಂದ. ದ್ವೋಷಾ ನಿಂತಲ್ಲಿಂದಲೇ ಪೆಶಾಳ ಕಡೆ ನೋಡಿದಳು.

ಪೆಶಾ ಟೋಪಿ ತೆಗೆದಳು. ಒಳಗಿನ ತಲೆವಸ್ತ್ರದ ಮೂಲೆಯಲ್ಲಿದ್ದ ಗಂಟು ಬೆರಳಿಗೆ ಬಿಚ್ಚಲಿಲ್ಲ, ಹದಿನೆಂಟು ವರ್ಷದ ಗಂಟು. ಹಲ್ಲಿನಲ್ಲಿ ಬಿಚ್ಚಿದಳು. ಕಪ್ಪಾಗಿಹೋಗಿದ್ದ ನಾಣ್ಯವನ್ನು ತೆಗೆದು ದ್ವೋಷಾಳ ಅಂಗೈಯಲ್ಲಿಟ್ಟಳು.

"ಮದ್ವೆ ದಿನ ವಾಪಸ್ ಕೊಡ್ತೀನಿ ಅಂದಿದ್ದೆ," ಎಂದಳು. "ಇನ್ನ ಅವನಿಗೆ ಮದ್ವೆ ಇಲ್ಲ. ತಗೊಂಡು ನನ್ನ ಮಗನ್ನ ನಂಗೆ ಕೊಟ್ಬಿಡು, ದ್ವೋಷಾ."

ದ್ವೋಷಾ ಮುಷ್ಟಿ ಮುಚ್ಚಿ ಬಾಯಿಗೆ ಒತ್ತಿಕೊಂಡಳು. ಕೊಟ್ಟೆ ಎಂದು ತಲೆಯಾಡಿಸಿದಳು.

ಇಂಥ ವ್ಯಾಪಾರ ಶಾಸ್ತ್ರದಲ್ಲಿಲ್ಲ ಎಂದು ಶೆಫ್ಟೆಲ್‌ಗೂ ಗೊತ್ತಿತ್ತು, ಆದರೆ ಅವನು ಬಾಯಿ ತೆರೆಯಲಿಲ್ಲ. ಪೆಶಾ ಕೋಟಿನ ಬಲಗಡೆಯ ಅಂಚನ್ನು ಹಿಡಿದು ಅವನೆದುರು ನಿಂತಳು. ಅವನು ಒಂದು ಬೆರಳಷ್ಟು ಕೊಯ್ದ, ಉಳಿದದ್ದನ್ನು ಅವಳೇ ಎರಡೂ ಕೈಯಿಂದ ಹರಿದಳು. ಆಮೇಲೆ ಗುಂಡಿಯ ಅಂಚಿಗೆ ಹೋಗಿ ಬಗ್ಗಿ, "ಆನ್ಶೆಲ್, ಮಗನೇ" ಎಂದು ಕರೆದಳು. ಮತ್ತೆ ಕರೆದಳು. ಗಂಟಲು ಕಟ್ಟುವವರೆಗೂ ಕರೆಯುತ್ತಲೇ ಇದ್ದಳು. ಅದು ಯಾರಿಗೆ ಕೇಳಿಸಿದರೂ ಇನ್ನು ಅವಳಿಗೆ ಹೆದರಿಕೆ ಇರಲಿಲ್ಲ.